ಹಳೆಯ ಅಂಗಿಯ ಸಾಕ್ಷಿ

ಸಿಟ್ಟು ಬಂದಾಗ ಮನುಷ್ಯ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾನೆ. ಕೆಲವರಿಗೆ ಕಲ್ಲು ಸಿಗುತ್ತದೆ, ಕೆಲವರಿಗೆ ಮೈಕು, ಈಚೆಗೆ ಎಲ್ಲರಿಗೂ ಮೊಬೈಲು. ಸೂಜಿ ಎತ್ತಿಕೊಂಡವರನ್ನು ನಾವು ಸಿಟ್ಟಿನವರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ, ಇಳಿಯದೆ ಉಳಿದದ್ದು ದುಃಖ, ದುಃಖ ಮನೆಯೊಳಗಿನ ಮಾತು, ರಾಜಕೀಯ ಬೀದಿಯ ಮಾತು. ಹೀಗೆ ಹಂಚಿಹಾಕಿಕೊಂಡು ನಾವು ನೆಮ್ಮದಿಯಾಗಿದ್ದೇವೆ. ಕಳೆದ ಶತಮಾನದಲ್ಲಿ ಕೌದಿ ಹೊಲಿದ ಕೆಲವರ ಮುಂದೆ ಈ ಹಂಚಿಕೆ ನಿಲ್ಲುವುದಿಲ್ಲ.

1985ರ ನವೆಂಬರ್ 27ರ ರಾತ್ರಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೇಣದ ಬತ್ತಿಯ ಮೆರವಣಿಗೆ ನಡೆಯಿತು. ಏಳು ವರ್ಷದ ಹಿಂದೆ ಅದೇ ದಿನ ಗುಂಡಿಗೆ ಬಲಿಯಾಗಿದ್ದ ಸಲಿಂಗಕಾಮಿ ಹಕ್ಕುಗಳ ನಾಯಕ ಹಾರ್ವೆ ಮಿಲ್ಕ್ ಮತ್ತು ಮೇಯರ್ ಜಾರ್ಜ್ ಮಾಸ್ಕೋನಿ ಅವರ ನೆನಪಿನ ಮೆರವಣಿಗೆ ಅದು. ಆ ವರ್ಷ ಕ್ಲೀವ್ ಜೋನ್ಸ್ ಎಂಬ ಕಾರ್ಯಕರ್ತ ಬಂದವರಿಗೆಲ್ಲ ಒಂದೊಂದು ರಟ್ಟು ಕೊಟ್ಟು, ಏಡ್ಸ್‌ನಿಂದ ಸತ್ತ ನಿಮ್ಮವರ ಹೆಸರು ಬರೆಯಿರಿ ಎಂದ. ಮೆರವಣಿಗೆ ಮುಗಿದ ಮೇಲೆ ಜನ ಆ ರಟ್ಟುಗಳನ್ನು ಕೇಂದ್ರ ಸರಕಾರದ ಕಚೇರಿಯ ಗೋಡೆಗೆ ಅಂಟಿಸಿದರು. ದೂರದಿಂದ ನೋಡಿದರೆ ಗೋಡೆಗೆ ಕೌದಿ ಹೊದಿಸಿದಂತೆ ಕಂಡಿತಂತೆ. ಮುಂದೆ ನಡೆದದ್ದೆಲ್ಲ ಆ ಒಂದು ನೋಟದಿಂದ ಹುಟ್ಟಿತು.

ಆಗಿನ ಹೊತ್ತು ಎಂಥದು ಎಂಬುದನ್ನು ಸ್ವಲ್ಪ ನೆನೆಸಿಕೊಳ್ಳಬೇಕು. ರೋಗ ಮೊದಲು ವರದಿಯಾದದ್ದು 1981ರಲ್ಲಿ. ಅಧ್ಯಕ್ಷ ರೊನಾಲ್ಡ್ ರೇಗನ್ ಅದರ ಬಗ್ಗೆಯೇ ಒಂದು ಪೂರ್ತಿ ಭಾಷಣ ಮಾಡಿದ್ದು 1987ರ ಮೇ ಕೊನೆಯಲ್ಲಿ. ಅಷ್ಟರಲ್ಲಿ 20 ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತಿದ್ದರು. ಹೆಚ್ಚಿನವರು ಸಲಿಂಗಕಾಮಿ ಗಂಡಸರು. ಎಷ್ಟೋ ಮನೆಯವರು ಹೆಣ ತೆಗೆದುಕೊಳ್ಳಲು ಬರಲಿಲ್ಲ, ಬಂದವರು ಊರಿನವರಿಗೆ ಬೇರೆ ಯಾವುದೋ ಕಾಯಿಲೆಯ ಹೆಸರು ಹೇಳಿದರು. ಶವಸಂಸ್ಕಾರದ ಅಂಗಡಿಯವರೇ ಕೈಹಚ್ಚಲು ಹಿಂಜರಿದರು. ಸಮಾಧಿಯೂ ಇಲ್ಲದ, ಸುದ್ದಿಯೂ ಇಲ್ಲದ ಸಾವು.

ಹಾಗಾಗಿ ಸತ್ತವರ ಹೆಸರಿನಲ್ಲಿ ನಿಜವಾದ ಕೌದಿಯನ್ನೇ ಹೊಲಿಯಲು ಹೊರಟಾಗ ಅದರ ಒಂದೊಂದು ತುಂಡಿಗೂ ಮೂರು ಅಡಿ ಅಗಲ, ಆರು ಅಡಿ ಉದ್ದ ಎಂದು ನಿಗದಿ ಮಾಡಿದರು. ಅದು ಒಬ್ಬ ಮನುಷ್ಯನನ್ನು ಮಣ್ಣುಮಾಡುವ ಕುಣಿಯ ಅಳತೆ. ಅಂಥ ಎಂಟು ತುಂಡು ಸೇರಿಸಿದರೆ 12 ಅಡಿ ಚೌಕದ ಒಂದು ಪಟ್ಟು. ಹೊಲಿದವರಲ್ಲಿ ಹೊಲಿಗೆ ಬರುವವರು ಕಡಿಮೆ. ಗೆಳೆಯನ ಜೀನ್ಸ್ ಪ್ಯಾಂಟು, ಕೆಲಸಕ್ಕೆ ಹಾಕಿಕೊಂಡು ಹೋಗುತ್ತಿದ್ದ ಅಂಗಿ, ಮಗುವಾಗಿದ್ದಾಗಿನ ಗೊಂಬೆ, ಕಾರಿನ ಕೀಲಿಕೈ, ಕಾಗದ ಪತ್ರ, ಕೆಲವೊಮ್ಮೆ ಚಿತಾಭಸ್ಮ, ಹೀಗೆ ಏನೇನೋ ಆ ತುಂಡುಗಳ ಮೇಲೆ ಬಂದು ಕೂತವು. 1987ರ ಅಕ್ಟೋಬರ್ 11ರಂದು ಬೆಳಗು ಹರಿಯುವ ಹೊತ್ತಿಗೆ ವಾಷಿಂಗ್ಟನ್‌ನ ನ್ಯಾಷನಲ್ ಮಾಲ್ ಎಂಬ ಬಯಲಿನಲ್ಲಿ ಬಿಳಿ ಬಟ್ಟೆ ತೊಟ್ಟ ಸ್ವಯಂಸೇವಕರು ಅದನ್ನು ಮಡಿಕೆ ಮಡಿಕೆಯಾಗಿ ಬಿಚ್ಚಿ ಹಾಸಿದರು. ಆವತ್ತು 1,920 ತುಂಡುಗಳಿದ್ದವು. ಭಾಷಣ ಇರಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಬಂದು ಸತ್ತವರ ಹೆಸರು ಓದಿದರು. ಆ ಬಯಲಿನ ಒಂದು ತುದಿಗೆ ಸಂಸತ್ ಭವನ. ಅಧ್ಯಕ್ಷರ ಮನೆಯೂ ಅಲ್ಲಿಂದ ನಡೆದುಹೋಗುವಷ್ಟು ಹತ್ತಿರ. ಆದರೂ ಅಧಿಕಾರದಲ್ಲಿದ್ದ ಅಧ್ಯಕ್ಷರೊಬ್ಬರು ಆ ಕೌದಿಯನ್ನು ನೋಡಲು ಬಂದದ್ದು 1996ರಲ್ಲಿ, ಬಿಲ್ ಕ್ಲಿಂಟನ್ ಕಾಲಕ್ಕೆ.

ಈ ಕೌದಿಯ ಒಂದು ತುಂಡು ನನ್ನನ್ನು ಬಿಡದೆ ಕಾಡುತ್ತದೆ. ಅದು ರಾಯ್ ಕೋನ್ ಎಂಬ ವಕೀಲನದು. 1950ರ ದಶಕದಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿಯ ಬಲಗೈಯಾಗಿ ಕಮ್ಯುನಿಸ್ಟರ ಬೇಟೆಗೆ ಇಳಿದವನು, ಸಲಿಂಗಕಾಮಿಗಳನ್ನು ಸರಕಾರಿ ನೌಕರಿಯಿಂದ ಓಡಿಸುವ ಕೆಲಸಕ್ಕೆ ನೆರವಾದವನು. ತಾನೂ ಅವರಲ್ಲಿ ಒಬ್ಬ ಎಂಬುದನ್ನು ಸಾಯುವ ತನಕ ಒಪ್ಪಿಕೊಳ್ಳಲಿಲ್ಲ. ತನಗೆ ಬಂದದ್ದು ಯಕೃತ್ತಿನ, ಅಂದರೆ ಲಿವರಿನ ಕ್ಯಾನ್ಸರ್ ಎಂದೇ ಹೇಳುತ್ತ 1986ರಲ್ಲಿ ಏಡ್ಸ್‌ನಿಂದ ಸತ್ತ. ಅವನ ಹೆಸರಿನಲ್ಲಿ ಯಾರೋ ಒಂದು ತುಂಡು ಹೊಲಿದು ಕಳಿಸಿದರು. ಅದರ ಮೇಲೆ ಹೆಸರು ಬಿಟ್ಟರೆ ಮೂರೇ ಮಾತು: ದಬ್ಬಾಳಿಕೆಯವ, ಹೇಡಿ, ಬಲಿಪಶು.

ಮೊದಲ ಎರಡು ಮಾತು ಯಾರಾದರೂ ಬರೆಯಬಹುದಾದದ್ದು. ಗೋಡೆಯ ಮೇಲೆ ಬಣ್ಣದಲ್ಲಿ ಬರೆಯುವವನಾಗಿದ್ದರೆ ಅಲ್ಲಿಗೇ ನಿಲ್ಲಿಸಿ ಓಡುತ್ತಿದ್ದ. ಹೊಲಿಯಲು ಕೂತವರು ಓಡುವ ಹಾಗಿಲ್ಲ. ಆರು ಅಡಿ ಬಟ್ಟೆಯನ್ನು ಮಡಿಲ ಮೇಲೆ ಹರವಿಕೊಂಡು, ತಮ್ಮ ಶತ್ರುವಿನ ಹೆಸರಿನ ಒಂದೊಂದು ಅಕ್ಷರವನ್ನೂ ಕತ್ತರಿಸಿ, ಕೂಡಿಸಿ, ಜೋಡಿಸುವಷ್ಟು ಹೊತ್ತು ಅವನ ಜೊತೆಗೇ ಕೂತಿರಬೇಕು. ಮೂರನೆಯ ಮಾತು ಬಂದದ್ದು ಆ ಕೂತ ಹೊತ್ತಿನಿಂದ ಎಂದು ನಾನು ಊಹಿಸುತ್ತೇನೆ. ಅದು ಕ್ಷಮೆಯಲ್ಲ, ಮೊದಲಿನ ಎರಡು ಮಾತುಗಳನ್ನು ಯಾರೂ ಬಿಚ್ಚಿ ತೆಗೆದಿಲ್ಲ. ಆದರೆ ಅವನಿಗೂ ಎಲ್ಲರಷ್ಟೇ ಮೂರು ಅಡಿ, ಆರು ಅಡಿ. ಒಂದು ಇಂಚು ಹೆಚ್ಚಿಲ್ಲ, ಕಡಿಮೆಯಿಲ್ಲ. ಶತ್ರುವನ್ನು ಖಂಡಿಸುವುದು, ಅವನ ಸಾವನ್ನು ಲೆಕ್ಕಕ್ಕೆ ಹಿಡಿಯುವುದು, ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಿದ ರಾಜಕೀಯ ಬರಹ ನಾನು ಹೆಚ್ಚು ಕಂಡಿಲ್ಲ. ನಮ್ಮ ಪತ್ರಿಕೆಗಳ ಶ್ರದ್ಧಾಂಜಲಿಗಳಲ್ಲಂತೂ ಸತ್ತವರೆಲ್ಲ ಅಜಾತಶತ್ರುಗಳು.

ಎಲ್ಲರೂ ಇದನ್ನು ಮೆಚ್ಚಲಿಲ್ಲ. 1987ರಲ್ಲೇ ನ್ಯೂಯಾರ್ಕಿನಲ್ಲಿ ಹುಟ್ಟಿದ ಆಕ್ಟ್ ಅಪ್ ಸಂಘಟನೆಯ ಕೆಲವರಿಗೆ ಕೌದಿ ಕಂಡರೆ ಕಿರಿಕಿರಿ. ಔಷಧ ಬೇಕು, ಸಂಶೋಧನೆಗೆ ದುಡ್ಡು ಬೇಕು, ಇಂಥ ಹೊತ್ತಿನಲ್ಲಿ ಅಜ್ಜಿ ಕಾಲದ ಹೊದಿಕೆ ಹಾಸಿ ಅತ್ತರೆ ಸರಕಾರಕ್ಕೆ ಅನುಕೂಲವೇ ಆಯಿತಲ್ಲ ಎಂಬುದು ಅವರ ವಾದ. 1992ರ ಅಕ್ಟೋಬರ್ 11ರಂದು, ಕೌದಿ ಮತ್ತೆ ಅದೇ ಬಯಲಿನಲ್ಲಿ ಹಾಸಿದ್ದಾಗ, ಅವರು ತಮ್ಮವರ ನಿಜವಾದ ಚಿತಾಭಸ್ಮವನ್ನು ಮೆರವಣಿಗೆಯಲ್ಲಿ ಒಯ್ದು ಶ್ವೇತಭವನದ ಬೇಲಿಯಾಚೆ ಹುಲ್ಲುಹಾಸಿನ ಮೇಲೆ ಎರಚಿದರು. ಓದುವಾಗ ಮೈ ಜುಮ್ಮೆನ್ನುತ್ತದೆ. ಅವರ ಆಕ್ಷೇಪವನ್ನು ತಳ್ಳಿಹಾಕಲು ನನ್ನಲ್ಲಿ ಮಾತಿಲ್ಲ. ಆದರೂ ಒಂದು ಮಾತು ಹೇಳಬೇಕು: ಭಸ್ಮ ಎರಚಲು ಬಂದವರು ಮೊದಲೇ ಹೋರಾಟಕ್ಕೆ ಇಳಿದವರು. ಮಗನ ಕಾಯಿಲೆಯನ್ನು ಊರಿಗೆಲ್ಲ ಮುಚ್ಚಿಟ್ಟ ಹಳ್ಳಿಗಾಡಿನ ತಾಯಿ ಘೋಷಣೆ ಕೂಗಲು ಬರುತ್ತಿರಲಿಲ್ಲ. ಅಂಥವಳು ಹೊಲಿದು ಕಳಿಸಿದಳು. ಮಗನ ಪೂರ್ತಿ ಹೆಸರು ಹಾಕಿ ಕಳಿಸಿದಳು. ಅವಳ ಮಟ್ಟಿಗೆ ಅದು ಶ್ವೇತಭವನದ ಬೇಲಿ ಹಾರಿದ ಹಾಗೆಯೇ. ಆ ಕೌದಿ ಈಗ ಸುಮಾರು 50 ಸಾವಿರ ತುಂಡುಗಳದು, 1 ಲಕ್ಷ 10 ಸಾವಿರ ಹೆಸರುಗಳದು, ತೂಕ 54 ಟನ್.

ಹಳೆಯ ಅಂಗಿ ಕೌದಿಯಲ್ಲಿ ಕೂತರೆ ಏನಾಗುತ್ತದೆ ಎಂಬುದನ್ನು ಧಾರವಾಡದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಳಗೊಂದು ಸವೆದ ಸೀರೆ, ಮೇಲೊಂದು ಸೀರೆ, ನಡುವೆ ಹರಿದ ಧೋತರ, ಪೋಲಕ, ಅಂಗಿ. ನೆಲದ ಮೇಲೆ ಹರವಿ ನಾಲ್ಕೂ ಮೂಲೆಗೆ ಕಲ್ಲು ಹೇರಿ, ಅಂಚಿನಿಂದ ಒಳಕ್ಕೆ ಬೆರಳಗಲಕ್ಕೊಂದು ಸಾಲು ಹೊಲಿಗೆ ಎಳೆಯುತ್ತ ಹೋಗುವುದು. ಬೇಸಿಗೆಯಲ್ಲಿ ಊರಿಂದೂರಿಗೆ ಬಂದು ಕೌದಿ ಹೊಲಿದುಕೊಡುವ ಹೆಂಗಸರಿದ್ದರು. ಅವರ ಕೂಲಿಯಲ್ಲಿ ಕಾಳುಕಡಿಯೂ ಸೇರಿರುತ್ತಿತ್ತು. ನಮ್ಮ ಆಯಿ ಮಾತ್ರ ತಾನೇ ಹೊಲಿಯುತ್ತಿದ್ದಳು. ಮಧ್ಯಾಹ್ನ ಅವಳ ಪಕ್ಕ ಮಲಗಿ ತುಂಡುಗಳ ಮೇಲೆ ಬೆರಳಿಟ್ಟು ಕೇಳುವುದು ನಮಗೊಂದು ಆಟ.

"ಇದು ಯಾರದ ಆಯಿ?"

"ನಿಮ್ಮಪ್ಪನ ಸಾಲಿ ಅಂಗಿ. ಗುಂಡಿ ಹಾಕ್ಕೊಳ್ಳಾಕ ಬರ್ತಿದ್ದಿಲ್ಲ ಅಂವಗ."

"ಈ ಹಳದೀದು?"

"ಅದು ನಿಮ್ಮ ಸಣ್ಣ ಕಾಕಾಂದು. ಕೂಸಿದ್ದಾಗs ಹ್ವಾದ. ನೀವು ನೋಡಿಲ್ಲ."

ಆ ಕಾಕಾನ ಫೋಟೊ ಇರಲಿಲ್ಲ, ಯಾವ ಕಾಗದದಲ್ಲೂ ಹೆಸರಿರಲಿಲ್ಲ. ಅವನು ಇದ್ದ ಎಂಬುದಕ್ಕೆ ಇದ್ದ ಪುರಾವೆ ಅಂಗೈಯಗಲದ ಆ ಹಳದಿ ಬಟ್ಟೆ ಒಂದೇ. ಇದರಲ್ಲಿ ರಾಜಕೀಯ ಹುಡುಕುವ ಹಟ ನನಗಿಲ್ಲ. ಆಯಿ ಯಾರನ್ನೂ ಪ್ರತಿಭಟಿಸುತ್ತಿರಲಿಲ್ಲ. ಮೊಮ್ಮಕ್ಕಳಿಗೆ ಚಳಿಯಾಗಬಾರದೆಂದು ಹೊಲಿಯುತ್ತಿದ್ದಳು. ಆದರೆ ಕೌದಿಗೆ ಇರುವ ಒಂದು ಗುಣ ಅಲ್ಲಿಯೇ ಕಾಣುತ್ತದೆ. ಕೌದಿಗೆ ಬಹುವಚನ ಬರುವುದಿಲ್ಲ. ಭಾಷಣಕಾರ 'ಜನಸಾಮಾನ್ಯರು' ಎನ್ನಬಹುದು, 'ಶೋಷಿತ ವರ್ಗ' ಎನ್ನಬಹುದು, ಲಕ್ಷ ಕೋಟಿಗಳಲ್ಲಿ ಮಾತಾಡಬಹುದು. ಆ ಲಕ್ಷದಲ್ಲಿ ಒಬ್ಬರನ್ನಾದರೂ ಅವನು ಬಲ್ಲನೇ ಎಂದು ಯಾರೂ ಕೇಳುವುದಿಲ್ಲ. ಕೌದಿ ಹೊಲಿಯುವವಳ ಕೈಯಲ್ಲಿರುವುದು ಒಬ್ಬನ ಅಂಗಿ. ಬಗಲಲ್ಲಿ ಎಲ್ಲಿ ಹರಿದಿತ್ತು, ಯಾವ ಗುಂಡಿ ಉದುರಿತ್ತು ಎಂಬುದು ಅವಳಿಗೆ ಗೊತ್ತು. ರಾಜಕೀಯದ ಭಾವನೆಗಳಲ್ಲಿ ಸುಳ್ಳು ನುಸುಳುವುದು ಗುರುತು ಪರಿಚಯವಿಲ್ಲದವರ ಪರವಾಗಿ ಮಾತಾಡುವಾಗ. ಹೊಲಿಗೆಯಲ್ಲಿ ಆ ಸುಳ್ಳಿಗೆ ಜಾಗ ಕಡಿಮೆ.

ಜಾಗ ಕಡಿಮೆ ಎಂದೆ, ಇಲ್ಲವೇ ಇಲ್ಲ ಎನ್ನಲಿಲ್ಲ. ಅಮೆರಿಕದಲ್ಲಿ ಒಂದು ಕಥೆ ತುಂಬ ಜನಪ್ರಿಯ: ಗುಲಾಮಗಿರಿಯ ಕಾಲದಲ್ಲಿ ತಪ್ಪಿಸಿಕೊಂಡು ಉತ್ತರಕ್ಕೆ ಓಡುವ ಕಪ್ಪು ಜನರಿಗೆ ದಾರಿ ತೋರಿಸಲು ಕೌದಿಯ ಚಿತ್ತಾರಗಳಲ್ಲಿ ಗುಟ್ಟಿನ ಸಂಕೇತ ಹೊಲಿದು ಬೇಲಿಯ ಮೇಲೆ ಒಣಹಾಕುತ್ತಿದ್ದರಂತೆ. 1999ರಲ್ಲಿ ಬಂದ ಒಂದು ಪುಸ್ತಕದಿಂದ ಇದು ಶಾಲೆಯ ಪಾಠಗಳವರೆಗೂ ಹೋಯಿತು. ಇತಿಹಾಸಕಾರರು ಹುಡುಕಿದರೆ ಆ ಕಾಲದ ಒಂದು ದಾಖಲೆಯೂ ಇದಕ್ಕೆ ಸಿಗುವುದಿಲ್ಲ. ಕಥೆ ಎಲ್ಲರಿಗೂ ಹಿಡಿಸಿತು, ಏಕೆಂದರೆ ಅದರಲ್ಲಿ ಯಾರ ಅಂಗಿಯೂ ಇಲ್ಲ, ಬರೀ ಜಾಣತನ ಇದೆ.

ನಿಜವಾದ ಕಥೆ ಅಲಬಾಮಾದಲ್ಲಿದೆ. ಅಲಬಾಮಾ ನದಿ ಕುದುರೆ ಲಾಳದಂತೆ ಬಾಗಿ ಮೂರು ಕಡೆ ಸುತ್ತುವರಿದ ಜಾಗ, ಹೆಸರು ಜೀಸ್ ಬೆಂಡ್. ಅಲ್ಲಿನವರು ಗುಲಾಮರ ಮೊಮ್ಮಕ್ಕಳು, ಮರಿಮಕ್ಕಳು; ಬಹಳ ಮಂದಿಯ ಅಡ್ಡಹೆಸರು ಇಂದಿಗೂ ಒಡೆಯನದೇ, ಪೆಟ್ವೇ. ಹೊಲದಲ್ಲಿ ಸವೆದ ಜೀನ್ಸು, ಹಿಟ್ಟಿನ ಚೀಲ, ಮಾಸಿದ ಅಂಗಿಗಳಿಂದ ಹೆಂಗಸರು ಕೌದಿ ಹೊಲಿಯುತ್ತಿದ್ದರು. ಮಿಸೌರಿ ಪೆಟ್ವೇ ಎಂಬಾಕೆ 1942ರಲ್ಲಿ ಗಂಡ ತೀರಿಕೊಂಡಾಗ ಅವನ ಕೆಲಸದ ಬಟ್ಟೆಗಳನ್ನೆಲ್ಲ ಬಿಚ್ಚಿ ಒಂದು ಕೌದಿ ಮಾಡಿಕೊಂಡಳು. ಪ್ಯಾಂಟಿನ ಮೊಣಕಾಲಿನ ಜಾಗದಲ್ಲಿ ಬಟ್ಟೆ ಬಿಳಿಚಿದ್ದು, ಕಿಸೆ ಬಿಚ್ಚಿದಲ್ಲಿ ಬಣ್ಣ ಗಾಢವಾಗಿ ಉಳಿದದ್ದು, ಇಂಥ ಗುರುತುಗಳೇ ಈ ಊರಿನ ಕೌದಿಗಳ ಚಿತ್ತಾರ.

1960ರ ದಶಕದಲ್ಲಿ ಈ ಜನ ನದಿ ದಾಟಿ ಎದುರಿನ ಕ್ಯಾಮ್ಡನ್ ಊರಿಗೆ ಹೋಗಿ ಮತದಾರರ ಪಟ್ಟಿಗೆ ಹೆಸರು ಹಚ್ಚಲು ಮುಂದಾದರು. 1962ರಲ್ಲಿ ಹಾಯುವ ದೋಣಿಯೇ ನಿಂತುಹೋಯಿತು. ನದಿ ದಾಟಿದರೆ ಹತ್ತಿರವಾಗುವ ಊರಿಗೆ ರಸ್ತೆಯಲ್ಲಿ ಸುತ್ತು ಹಾಕಿ ಹೋದರೆ ಗಂಟೆಯ ಹಾದಿ. ಆದರೂ ಹೋದರು. 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಳೆಯಲ್ಲಿ ಅಲ್ಲಿಗೆ ಬಂದು ಮಾತಾಡಿದರು. ಪಟ್ಟಿಗೆ ಹೆಸರು ಹಚ್ಚಿದವರಲ್ಲಿ ಹಲವರು ಕೆಲಸ ಕಳೆದುಕೊಂಡರು, ಗೇಣಿ ಮನೆಗಳಿಂದ ಹೊರಬಿದ್ದರು. ಮರುವರ್ಷ, 1966ರಲ್ಲಿ, ಫ್ರಾನ್ಸಿಸ್ ವಾಲ್ಟರ್ ಎಂಬ ಪಾದ್ರಿಯ ನೆರವಿನಿಂದ ಹೆಂಗಸರು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘ ಕಟ್ಟಿಕೊಂಡರು. ನ್ಯೂಯಾರ್ಕಿನಲ್ಲಿ ಕೌದಿ ಹರಾಜು ಹಾಕಿ ಬಂದ ದುಡ್ಡನ್ನು ಹಂಚಿಕೊಂಡರು. ಜಮೀನು ಕೊಂಡು ಹೊಲಿಗೆಯ ಕಟ್ಟಡ ಕಟ್ಟಿದರು, ಒಕ್ಕಲೆಬ್ಬಿಸಿದ ಕೆಲವು ಕುಟುಂಬಗಳಿಗೂ ಆ ಜಮೀನಿನಲ್ಲೇ ನಿವೇಶನ ಕೊಟ್ಟರು.

ಈ ಕೌದಿಗಳ ಮೇಲೆ ಒಂದು ಘೋಷಣೆಯೂ ಇಲ್ಲ. ಪಟ್ಟೆ, ಚೌಕ, ಇಳಿಬಿದ್ದ ಗೆರೆ, ಅಷ್ಟೇ. ರಾಜಕೀಯ ಇದ್ದದ್ದು ಕೂಲಿಯಲ್ಲಿ: ಒಡೆಯನ ಮುಂದೆ ಕೈಚಾಚದೆ ಮನೆ ನಡೆಸುವ ಕೂಲಿಯಲ್ಲಿ. ಮತ ಹಾಕುವವರಿಗೆ ಅನ್ನದ ಹೆದರಿಕೆ ಇರಬಾರದು ಎಂಬುದನ್ನು ಅವರು ಹೇಳಲಿಲ್ಲ, ಮಾಡಿದರು. ಹಾಗೆಂದು ಎಲ್ಲ ಸಲೀಸಾಗಿ ನಡೆಯಲಿಲ್ಲ. ಪಟ್ಟಣದ ಅಂಗಡಿಯವರಿಗೆ ಒಂದೇ ಅಳತೆಯ, ಒಂದೇ ನಮೂನೆಯ ಮಾಲು ಬೇಕು. ಮನಸ್ಸಿಗೆ ಬಂದಂತೆ ಗೆರೆ ಎಳೆಯುತ್ತಿದ್ದ ಕೈಗಳು ನಮೂನೆ ನೋಡಿ ಹೊಲಿಯಬೇಕಾಯಿತು. 1972ರಲ್ಲಿ ಸಿಯರ್ಸ್ ಕಂಪನಿ ಕಾರ್ಡುರಾಯ್ ಬಟ್ಟೆಯ ದಿಂಬಿನ ಹೊದಿಕೆಗಳ ಕೆಲಸ ಕೊಟ್ಟಿತು. ಕೆಲಸ ಬೇಸರದ್ದು, ಆದರೆ ಉಳಿದ ಕತ್ತರಿಕೆಯನ್ನು ಮನೆಗೆ ಒಯ್ದು ಹೆಂಗಸರು ತಮಗಾಗಿ ಹೊಲಿದುಕೊಂಡ ಕೌದಿಗಳು ಇಂದು ವಸ್ತುಸಂಗ್ರಹಾಲಯಗಳ ಗೋಡೆಯ ಮೇಲಿವೆ. 2002ರಲ್ಲಿ ಹ್ಯೂಸ್ಟನ್‌ನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನ ನಡೆದು ವಿಮರ್ಶಕರು ಹಾಡಿ ಹೊಗಳಿದರು. 2006ರಲ್ಲಿ ಅಂಚೆಚೀಟಿ ಬಂತು. ಅದೇ ವರ್ಷ ದೋಣಿಯೂ ಬಂತು, 44 ವರ್ಷದ ನಂತರ. ಮರುವರ್ಷ ಕೆಲವು ಹೆಂಗಸರು ತಮಗೆ ಸಲ್ಲಬೇಕಾದ ಹಣ ಸಂದಿಲ್ಲ ಎಂದು ಕೋರ್ಟು ಹತ್ತಿದರು, ಕೊನೆಗೆ ರಾಜಿಯಾಯಿತು. ಮೊಣಕಾಲು ಸವೆದ ಪ್ಯಾಂಟು ಗೋಡೆ ಹತ್ತಿ ಕಲೆಯಾದಾಗ ಯಾರ ಮೊಣಕಾಲು ಎಂಬುದು ಮರೆತುಹೋಗುವ ಅಪಾಯ ಎಲ್ಲ ಕಡೆಯೂ ಇದೆ.

ನಮ್ಮ ಉತ್ತರ ಕನ್ನಡದ ಸಿದ್ದಿಯರ ಕೌದಿಗೂ ಈಗ ಇಂಥದೇ ಹೊತ್ತು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರು ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಎಲ್ಲರೂ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವುದು ಅವರ ಪದ್ಧತಿ. ಕೊನೆಯಲ್ಲಿ ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಹೂ ಇಡದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ. ಆಫ್ರಿಕಾದಿಂದ ಗುಲಾಮರಾಗಿ, ಸೈನಿಕರಾಗಿ ಬಂದವರ ಸಂತತಿ ಇದು. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರ ಹೆಸರು ಸೇರಿದ್ದು 2003ರಲ್ಲಿ. ಅವರ ಕೌದಿಗಳು ಅಮೆರಿಕದ ಗ್ಯಾಲರಿಗಳಲ್ಲಿ ತೂಗಿವೆ. ಜೀಸ್ ಬೆಂಡಿಗೂ ಸಿದ್ದಿಯರ ಕೇರಿಗೂ ನೇರ ನಂಟು ಕಟ್ಟುವ ಉತ್ಸಾಹ ಕೆಲವರಿಗಿದೆ, ನನಗಿಲ್ಲ. ಸವೆದ ಬಟ್ಟೆ ಬಿಟ್ಟರೆ ಬೇರೆ ಬಟ್ಟೆ ಸಿಗದವರು ಎಲ್ಲಿದ್ದರೂ ಹೀಗೆಯೇ ಹೊಲಿಯುತ್ತಾರೆ.

ಕೌದಿಯ ಎದುರು ಇಡಬಹುದಾದ ಇನ್ನೊಂದು ಬಟ್ಟೆಯೂ ನಮ್ಮಲ್ಲೇ ತಯಾರಾಗುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಕೇಂದ್ರದಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಾರೆ. ಕೆಲಸಗಾರರಲ್ಲಿ ಹೆಂಗಸರೇ ಹೆಚ್ಚು. ಉದ್ದ ಅಗಲ, ಬಣ್ಣದ ಗಾಢತೆ, ನೂಲಿನ ಎಳೆ, ಅಶೋಕ ಚಕ್ರದ ಅಳತೆ, ಎಲ್ಲಕ್ಕೂ ನಿಯಮವಿದೆ. ಚೂರು ತಪ್ಪಿದರೂ ಧ್ವಜ ತಿರಸ್ಕೃತ. ಧ್ವಜದಲ್ಲಿ ಯಾರ ಅಂಗಿಯೂ ಇರುವ ಹಾಗಿಲ್ಲ. ಅದು ಎಲ್ಲರದು ಆಗಬೇಕಾದದ್ದರಿಂದ ಯಾರೊಬ್ಬರದೂ ಆಗಬಾರದು, ಸರಿಯೇ. ಆದರೆ 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದಿ ಯಂತ್ರದ ಪಾಲಿಯೆಸ್ಟರ್ ಬಟ್ಟೆಗೂ ಒಪ್ಪಿಗೆ ಕೊಟ್ಟಾಗ ಏಟು ಬಿದ್ದದ್ದು ಈ ಕೇಂದ್ರಕ್ಕೆ. ಮನೆಮನೆಯ ಮೇಲೆ ಧ್ವಜ ಹಾರಿದ ಮರುವರ್ಷದ ಆಗಸ್ಟಿನಲ್ಲಿ ಧ್ವಜ ಹೊಲಿಯುವವರ ಅಳಲು ಸ್ಥಳೀಯ ಸುದ್ದಿಯಾಗಿ ಹೋಯಿತು. ಬಟ್ಟೆಯ ಮೇಲಿನ ಅಭಿಮಾನಕ್ಕೂ ಹೊಲಿಯುವ ಕೈಯ ಮೇಲಿನ ಅಭಿಮಾನಕ್ಕೂ ಸಂಬಂಧ ಇರಲೇಬೇಕೆಂದೇನಿಲ್ಲ.

ಇಷ್ಟೆಲ್ಲ ಹೇಳಿಯೂ ಸೂಜಿಗೆ ಸಾಧ್ಯವಾದದ್ದೇನು, ಆಗದ್ದೇನು ಎಂಬುದು ತೀರ್ಮಾನವಾಗುವುದು ಚಿಲಿ ದೇಶದಲ್ಲಿ ಎಂದು ನನಗೆ ತೋರುತ್ತದೆ. 1973ರ ಸೆಪ್ಟೆಂಬರ್ 11ರಂದು ಸೇನೆಯ ದಂಡನಾಯಕ ಆಗುಸ್ತೊ ಪಿನೊಚೆ, ಚುನಾಯಿತ ಅಧ್ಯಕ್ಷ ಸಾಲ್ವದೋರ್ ಅಯೆಂದೆಯ ಸರಕಾರವನ್ನು ಉರುಳಿಸಿದ. ಮನೆಗಳಿಂದ, ಕಾರ್ಖಾನೆಗಳಿಂದ ಜನರನ್ನು ಎಳೆದೊಯ್ಯುವುದು ಶುರುವಾಯಿತು. ಕೆಲವರು ವಾಪಸಾದರು, ಕೆಲವರ ಹೆಣ ಬಂತು, ಉಳಿದವರದು ಏನೂ ಬರಲಿಲ್ಲ. ಹೆಂಡತಿ, ತಾಯಿ, ಅಕ್ಕತಂಗಿಯರು ಠಾಣೆಯಿಂದ ದಂಡಿನ ಶಿಬಿರಕ್ಕೆ, ಅಲ್ಲಿಂದ ಆಸ್ಪತ್ರೆಗೆ, ಅಲ್ಲಿಂದ ಶವಾಗಾರಕ್ಕೆ ಅಲೆದರು. ಎಲ್ಲ ಕಡೆ ಒಂದೇ ಜವಾಬು: ಆ ಹೆಸರಿನವರು ನಮ್ಮಲ್ಲಿಲ್ಲ. ಅದೇ ಸರದಿ ಸಾಲುಗಳಲ್ಲಿ ನಿಂತು ನಿಂತು ಅವರಿಗೆ ಒಬ್ಬರ ಮುಖ ಒಬ್ಬರಿಗೆ ಪರಿಚಯವಾಯಿತು.

ದುಡಿಯುವ ಗಂಡಸು ಇಲ್ಲ, ಮನೆಯಲ್ಲಿ ಮಕ್ಕಳು. ಚರ್ಚುಗಳು ಸೇರಿ ಕಟ್ಟಿದ ಪರಿಹಾರ ಸಮಿತಿಯೊಂದು ಈ ಹೆಂಗಸರಿಗೆ ಹೊಲಿಗೆ ಕೂಟಗಳನ್ನು ಶುರುಮಾಡಿತು. ಸರಕಾರದ ಒತ್ತಡಕ್ಕೆ ಅದು 1975ರಲ್ಲಿ ಮುಚ್ಚಿದಾಗ ಕಾರ್ಡಿನಲ್ ರಾಉಲ್ ಸಿಲ್ವಾ ಹೆನ್ರೀಕೆಸ್ 1976ರ ಜನವರಿಯಿಂದ ವಿಕಾರಿಯಾ ಎಂಬ ಸಂಸ್ಥೆಯನ್ನು ಚರ್ಚಿನ ಅಂಗಳದಲ್ಲೇ ನಡೆಸಿದರು. ಗೋಣಿತಾಟಿನ ಮೇಲೆ ಚಿತ್ರ ಹೊಲಿಯುವ ಕಸುಬು ಚಿಲಿಯಲ್ಲಿ ಮೊದಲೇ ಇತ್ತು. ಹಾಡುಗಾರ್ತಿ ವಿಯೊಲೆತಾ ಪಾರ್ರಾ ಹೊಲಿದ ಅಂಥ ಚಿತ್ರಗಳು 1964ರಲ್ಲಿ ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಪ್ರದರ್ಶನಗೊಂಡಿದ್ದವು. ಅರ್ಪಿಯೇರಾ ಎನ್ನುತ್ತಾರೆ ಅದಕ್ಕೆ. ಹೊದೆಯುವಷ್ಟು ದೊಡ್ಡದಲ್ಲ, ಗೋಡೆಗೆ ತೂಗುಹಾಕುವಷ್ಟು ಚಿಕ್ಕದು.

ಇಂಥ ಚಿತ್ರ ಹೇಗಿರುತ್ತದೆ ನೋಡಿ. ಮೇಲೆ ಆಂಡಿಸ್ ಪರ್ವತದ ಸಾಲು, ಮೂಲೆಯಲ್ಲಿ ಹಳದಿ ಬಟ್ಟೆಯ ಸೂರ್ಯ, ಕೆಳಗೆ ಸಾಲುಮನೆ, ಬೀದಿಯಲ್ಲಿ ಹೆಬ್ಬೆರಳುದ್ದದ ಗೊಂಬೆಗಳು. ಮೊದಲ ನೋಟಕ್ಕೆ ಮಕ್ಕಳ ಕೋಣೆಗೆ ತಂದು ಹಾಕಬೇಕು ಅನ್ನಿಸುತ್ತದೆ. ಆಮೇಲೆ ಕಣ್ಣು ಇಳಿಯುತ್ತದೆ. ಒಂದು ಮನೆಯ ಬಾಗಿಲಲ್ಲಿ ಸೈನಿಕರು. ಇನ್ನೊಂದರಲ್ಲಿ ನಲ್ಲಿಗೆ ನೀರಿಲ್ಲ, ಮತ್ತೊಂದರಲ್ಲಿ ಕೇರಿಯವರೆಲ್ಲ ಸೇರಿ ಒಂದೇ ಹಂಡೆಯಲ್ಲಿ ಅಡುಗೆ. ಕೆಲವದರಲ್ಲಿ ಹೆಂಗಸರ ಸಾಲು ಬಟ್ಟೆಯ ಫಲಕ ಹಿಡಿದಿದೆ, ಫಲಕದ ಮೇಲೆ ಎರಡೇ ಪದ: ಎಲ್ಲಿದ್ದಾರೆ ಅವರು? ಗೊಂಬೆಗಳ ಉಡುಪಿಗೆ ಎಷ್ಟೋ ಸಲ ಕಾಣೆಯಾದವನ ಅಂಗಿ ಪ್ಯಾಂಟುಗಳನ್ನೇ ಕತ್ತರಿಸಿದರು, ಗೊಂಬೆಯ ತಲೆಗೆ ತಮ್ಮ ಕೂದಲನ್ನೇ ಹೊಲಿದವರೂ ಇದ್ದಾರೆ. ಚಿತ್ರದ ಬೆನ್ನಿಗೆ ಪುಟ್ಟ ಕಿಸೆ, ಅದರೊಳಗೆ ಏನಾಯಿತೆಂದು ಬರೆದ ಚೀಟಿ.

ವಿಕಾರಿಯಾ ಅವನ್ನು ಕೊಂಡು ಹೊರದೇಶಗಳಿಗೆ ಕಳಿಸಿ ಮಾರಿಸುತ್ತಿತ್ತು. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿದ್ದ ಕಾಲದಲ್ಲಿ ಈ ಚಿತ್ರಗಳು ಗಡಿ ದಾಟಿದವು. ಹೆಂಗಸರ ಹೊಲಿಗೆ ಎಂಬ ತಾತ್ಸಾರವೇ ಮೊದಮೊದಲು ಅವಕ್ಕೆ ರಹದಾರಿಯಾಯಿತು. ಆಮೇಲೆ ಸರಕಾರಕ್ಕೆ ಬುದ್ಧಿ ಬಂದು, ಅದರ ಪರವಾದ ಪತ್ರಿಕೆಗಳು ಇದು ದೇಶದ ಮಾನ ಕಳೆಯುವ ಹೊಲಿಗೆ ಎಂದು ಬರೆದವು. ಸುಂಕದ ಕಟ್ಟೆಯಲ್ಲಿ ತಪಾಸಣೆ ಶುರುವಾಯಿತು, ಹೊಲಿಯುವವರು ಪರದೆ ಎಳೆದು ಕೂತು ಹೊಲಿದರು. ಒಂದು ಸರಕಾರ ಗೋಣಿತಾಟಿಗೆ ಹೆದರಿದ ಸಂಗತಿಯನ್ನು ನಗುವುದಕ್ಕೆಂದೇ ಆಗಾಗ ನೆನೆಸಿಕೊಳ್ಳಬೇಕು.

ಆ ತಾತ್ಸಾರವನ್ನು ಹೆಂಗಸರು ಬಳಸಿಕೊಂಡರು ಎಂದು ಹೊಗಳುವವರು ಇನ್ನೊಂದು ಮುಖವನ್ನೂ ನೋಡಬೇಕು. ಕೊಳ್ಳುವವರು ಯುರೋಪಿನ, ಅಮೆರಿಕದ ಸಹೃದಯರು. ಅವರಿಗೆ ಸಂಕಟವೂ ಬೇಕು, ಗೋಡೆಗೆ ಒಪ್ಪುವ ಬಣ್ಣವೂ ಬೇಕು. ಸೂರ್ಯ ಇಷ್ಟು ಹೊಳೆಯುವುದು ಆಶೆಯಿಂದಲೋ, ಮಾರಾಟವಾಗಲಿ ಎಂದೋ? ಎರಡೂ ಇರಬಹುದು, ಎರಡರಲ್ಲೂ ತಪ್ಪಿಲ್ಲ. ಗಂಡನನ್ನು ಕಳೆದುಕೊಂಡವಳಿಗೆ ಮಕ್ಕಳ ಹೊಟ್ಟೆಯೂ ಒಂದು ರಾಜಕೀಯ ಪ್ರಶ್ನೆಯೇ. ತಪ್ಪು ಇರುವುದು, ಚಿತ್ರ ಕೊಂಡು ತೂಗುಹಾಕಿದಲ್ಲಿಗೆ ತನ್ನ ಪಾಲಿನ ಕರ್ತವ್ಯ ಮುಗಿಯಿತು ಎಂದುಕೊಂಡವರಲ್ಲಿ. ಕೊಂಡವರೆಲ್ಲ ಬೆನ್ನಿನ ಕಿಸೆಯ ಚೀಟಿ ತೆಗೆದು ಓದಿದರೇ ಎಂಬ ಅನುಮಾನ ನನಗಿದೆ.

ಹೊಲಿಗೆ ಸಿಟ್ಟನ್ನು ತಣಿಸುತ್ತದೆ ಎಂಬ ಮಾತನ್ನು ಈ ಹೆಂಗಸರು ಸುಳ್ಳು ಮಾಡಿದರು. 1974ರಲ್ಲಿ ಹಿಡಿದ ಸೂಜಿಯನ್ನು 1990ರಲ್ಲಿ ಪಿನೊಚೆ ಕುರ್ಚಿ ಬಿಡುವವರೆಗೂ ಇಡಲಿಲ್ಲ, ಕೆಲವರು ಆಮೇಲೂ ಇಡಲಿಲ್ಲ. 1978ರ ಮಹಿಳಾ ದಿನದಂದು ಅವರಲ್ಲಿ ಕೆಲವರು, ಗಂಡು ಹೆಣ್ಣು ಜೋಡಿಯಾಗಿ ಕುಣಿಯುವ ತಮ್ಮ ನಾಡಿನ ಕ್ವೇಕಾ ನೃತ್ಯವನ್ನು ಎದೆಗೆ ಕಾಣೆಯಾದವನ ಫೋಟೊ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಕುಣಿದರು. ಸಂಸತ್ತಿನ ಗೇಟಿಗೆ ಸರಪಳಿ ಬಿಗಿದುಕೊಂಡರು, ಉಪವಾಸ ಕೂತರು, ಕೋರ್ಟಿನಲ್ಲಿ ಅರ್ಜಿಯ ಮೇಲೆ ಅರ್ಜಿ ಹಾಕಿದರು. ಸೂಜಿ ಅವರನ್ನು ಬೀದಿಯಿಂದ ಮನೆಗೆ ಕಳಿಸಲಿಲ್ಲ. ವಾರಕ್ಕೊಮ್ಮೆ ಕೂಡಿ ಕೂರುವ ನೆಪ ಕೊಟ್ಟು ಮನೆಯಿಂದ ಬೀದಿಗೆ ತಂದಿತು. ಕೂಗಿದ ಸಿಟ್ಟು ಸಂಜೆಗೆ ದಣಿಯುತ್ತದೆ. ಇವರದು ದಿನವೂ ಒಂದು ಸಾಲು ಮುಂದೆ ಹೋಗುವ ಸಿಟ್ಟು, ಯಾರ ಸಲುವಾಗಿ ಎಂಬುದು ಕೈಯಲ್ಲಿರುವ ಬಟ್ಟೆಯಿಂದ ತಪ್ಪದೆ ನೆನಪಾಗುವ ಸಿಟ್ಟು. ಒಂದು ದೇಶದ ರಾಜಕೀಯಕ್ಕೆ ಇಂಥ ಸಿಟ್ಟು ಬಹಳ ಬೇಕು ಎಂಬುದು ನನ್ನ ಅಭಿಪ್ರಾಯ.

ಆದರೆ ಹೊಲಿಗೆ ಯಾರನ್ನೂ ಹುಡುಕಿ ತಂದುಕೊಡುವುದಿಲ್ಲ. ಅದು ಸರಕಾರದ ಕೆಲಸ, ನ್ಯಾಯಾಲಯದ ಕೆಲಸ. ಸರಕಾರವೇ ಮುಂದೆ ನಿಂತು ಹುಡುಕುವ ರಾಷ್ಟ್ರೀಯ ಯೋಜನೆಯನ್ನು ಚಿಲಿ ಪ್ರಕಟಿಸಿದ್ದು 2023ರ ಆಗಸ್ಟ್ 30ರಂದು, ಸೇನಾ ದಂಗೆ ನಡೆದು 50 ವರ್ಷ ತುಂಬಲು ಎರಡು ವಾರ ಇರುವಾಗ. ಅಷ್ಟರಲ್ಲಿ ಹೊಲಿದ ತಾಯಂದಿರಲ್ಲಿ ಬಹಳ ಮಂದಿ ತೀರಿಕೊಂಡಿದ್ದರು. ಆ ಹೊತ್ತಿಗೆ ಸರಕಾರದ ಲೆಕ್ಕದಲ್ಲಿ ಕಾಣೆಯಾದವರು 1,469 ಮಂದಿ. ಗುರುತು ಸಿಕ್ಕಿದ್ದು 307 ಜನರದು. ಉಳಿದ 1,162 ಮಂದಿ ಎಲ್ಲಿದ್ದಾರೆಂದು ಬಲ್ಲ ಸೈನಿಕರಲ್ಲಿ ಹೆಚ್ಚಿನವರು ಬಾಯಿ ಬಿಟ್ಟಿರಲಿಲ್ಲ.